ಯಲವಿಗಿಯಿಂದ ಲಕ್ಷ್ಮೇಶ್ವರಕ್ಕೆ: 12 ಅಡಿ ಗೋಡೆಯ ಮೇಲೊಂದು ಮಾದರಿ ರೈಲು ಮಾರ್ಗ

ಹುಬ್ಬಳ್ಳಿಯಿಂದ ಹರಿಹರದ ಕಡೆ ರೈಲು ಹತ್ತಿದರೆ ಕುಂದಗೋಳ, ಸಂಶಿ, ಗುಡಗೇರಿ ದಾಟಿ ಯಲವಿಗಿ ಬರುತ್ತದೆ. ಅಲ್ಲಿ ಇಳಿದು ಪೂರ್ವದ ಕಡೆ ರಸ್ತೆ ಹಿಡಿದರೆ ಲಕ್ಷ್ಮೇಶ್ವರ. ಹತ್ತಿ, ಶೇಂಗಾದ ದೊಡ್ಡ ಪೇಟೆ. ಸೋಮೇಶ್ವರ ಗುಡಿ ಇರುವ ಊರು. ಎಲ್ಲಾ ಇದೆ, ರೈಲು ಮಾತ್ರ ಇಲ್ಲ. ಗದಗ–ಯಲವಿಗಿ ಮಾರ್ಗ ಆಗಬೇಕು ಎಂಬ ಬೇಡಿಕೆ ಬಹಳ ಹಳೆಯದು.

ಮಾದರಿ ರೈಲು ಕಟ್ಟಬೇಕು ಎನ್ನುವವರಿಗೆ ನಾನು ಈ ಮಾರ್ಗವನ್ನೇ ಹೇಳುತ್ತೇನೆ. ನಿಜದಲ್ಲಿ ಇರುವ ನಿಲ್ದಾಣ ಕಟ್ಟಿದರೆ ಅಳತೆ ತಪ್ಪಿತು, ಮರ ತಪ್ಪಿತು ಎಂಬ ಚಿಂತೆ. ಸುಮ್ನೆ ಕಲ್ಪನೆಯ ಊರು ಕಟ್ಟಿದರೆ ಅದು ಯಾವ ನಾಡಿನದು ಎಂದೇ ಗೊತ್ತಾಗುವುದಿಲ್ಲ. ಆಗಬಹುದಾಗಿದ್ದ, ಆದರೆ ಆಗದೇ ಉಳಿದ ಮಾರ್ಗಕ್ಕೆ ಎರಡೂ ತೊಂದರೆ ಇಲ್ಲ. ನೆಲ ನಿಜ, ಬೆಳೆ ನಿಜ, ಪೇಟೆ ನಿಜ. ಹಳಿ ಮಾತ್ರ ನಮ್ಮದು. ಅದಕ್ಕೆ ಒಂದೇ ಷರತ್ತು: ಹಲಗೆಯ ಮೇಲೆ ಇಡುವ ಪ್ರತಿ ಹಳಿಗೂ ಒಂದು ಕೆಲಸ ಇರಬೇಕು. ಕೆಲಸ ಇಲ್ಲದ ಹಳಿ ಚೆಂದ ಕಂಡರೂ ತೆಗೆದುಬಿಡಿ.

ಈ ಭಾಗಕ್ಕೆ ರೈಲು ಬಂದದ್ದೂ ಕೆಲಸದ ಲೆಕ್ಕದಲ್ಲೇ. 1876–78ರ ಬರದಲ್ಲಿ ಒಳನಾಡಿಗೆ ಕಾಳು ಸಾಗಿಸಲು ದಾರಿ ಇರಲಿಲ್ಲ. ಆ ಬಳಿಕ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಗದಗ–ಹೊಟಗಿ ಮಾರ್ಗ ಅದರ ಮೊದಲ ಕೆಲಸಗಳಲ್ಲಿ ಒಂದು. ಖರ್ಚು ಕಡಿಮೆ ಆಗಲಿ ಎಂದು ಹಾಕಿದ್ದು ಮೀಟರ್‌ಗೇಜ್, ಅಂದರೆ ಎರಡು ಹಳಿಗಳ ನಡುವೆ 1000 ಮಿ.ಮೀ. ಈಗಿನ ಬ್ರಾಡ್‌ಗೇಜ್ 1676 ಮಿ.ಮೀ. ಲಕ್ಷ್ಮೇಶ್ವರ ಆಗ ಮೀರಜ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನವೇ ದುಡ್ಡು ಹಾಕಿ ಯಲವಿಗಿಯಿಂದ ತನ್ನ ಪೇಟೆಗೆ ಒಂದು ಕವಲು ಹಾಕಿಸಿತು ಎಂದು ಊಹಿಸಿಕೊಳ್ಳಿ. ನಮ್ಮ ಲೇಔಟ್‌ಗೆ, ಅಂದರೆ ಹಲಗೆಯ ಮೇಲಿನ ಮಾದರಿ ಮಾರ್ಗಕ್ಕೆ, ಇಷ್ಟು ಕಥೆ ಸಾಕು.

ಮೊದಲು ಇಸವಿ, ಆಮೇಲೆ ಅಂಗಡಿ

ಎಂಜಿನ್ ಕೊಳ್ಳುವ ಮೊದಲು ಇಸವಿ ಗೊತ್ತುಮಾಡಿಕೊಳ್ಳಿ. ತಿಂಗಳನ್ನೂ ಗೊತ್ತುಮಾಡಿಕೊಳ್ಳಿ. ನನ್ನ ಆಯ್ಕೆ 1985ರ ಫೆಬ್ರುವರಿ.

1985 ಯಾಕೆ? ಆಗಿನ್ನೂ ಮೀಟರ್‌ಗೇಜ್ ಇತ್ತು. ವೈಪಿ, ವೈಜಿ ಸ್ಟೀಮ್ ಎಂಜಿನ್‌ಗಳೂ ಓಡುತ್ತಿದ್ದವು, ವೈಡಿಎಂ-4 ಡೀಸೆಲ್ ಕೂಡ ಇತ್ತು. ಡಬ್ಬಿಗಳೆಲ್ಲ ಕೆಂಗಂದು ಬಣ್ಣದವು, ನೀಲಿ ಬಣ್ಣ ಆಮೇಲಿನದು. ಹುಬ್ಬಳ್ಳಿ ಆಗ ದಕ್ಷಿಣ ಮಧ್ಯ ರೈಲ್ವೆಯಲ್ಲಿತ್ತು. ನೈಋತ್ಯ ರೈಲ್ವೆ ಶುರುವಾದದ್ದು 2003ರಲ್ಲಿ, ಹಾಗಾಗಿ ಆ ಹೆಸರು ನಮ್ಮ ಡಬ್ಬಿಯ ಮೇಲೆ ಬರುವಂತಿಲ್ಲ. ಗದಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳೂ ಹಿನ್ನೆಲೆಯಲ್ಲಿ ಕಾಣುವಂತಿಲ್ಲ.

ಫೆಬ್ರುವರಿ ಯಾಕೆ ಅಂದರೆ ಹತ್ತಿ ಬಿಡಿಸುವ ಕಾಲ. ಹಿಂಗಾರಿ ಜೋಳದ ಕೊಯ್ಲೂ ಆಗಲೇ. ಎರೆ ಹೊಲ ಒಣಗಿ ಬಿರಿಯುವ ಕಾಲ. ರೈಲಿಗೂ ಕೈತುಂಬ ಕೆಲಸ. ಒಂದು ತಿಂಗಳು ಗೊತ್ತುಮಾಡಿದರೆ ಹೊಲದ ಬಣ್ಣದಿಂದ ವ್ಯಾಗನ್ನಿನ ಸರಕಿನ ತನಕ ನೂರು ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ.

ಅಳತೆಯ ಲೆಕ್ಕ

ಹೊಸಬರು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಸ್ಕೇಲ್ ಬೇರೆ, ಗೇಜ್ ಬೇರೆ. ನಿಜವಾದ ವಸ್ತುವನ್ನು ಎಷ್ಟು ಪಟ್ಟು ಚಿಕ್ಕದು ಮಾಡಿದ್ದೀವಿ ಅನ್ನುವುದು ಸ್ಕೇಲ್. ಎರಡು ಹಳಿಗಳ ನಡುವಿನ ಅಂತರ ಗೇಜ್.

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಸ್ಕೇಲ್ ಎಚ್‌ಒ, ಅಂದರೆ 1:87. ಅದರ ಮಾಮೂಲಿ ಹಳಿ 16.5 ಮಿ.ಮೀ. ಇದನ್ನು 87ರಿಂದ ಗುಣಿಸಿದರೆ 1435 ಮಿ.ಮೀ ಬರುತ್ತದೆ. ಅದು ಯುರೋಪ್, ಅಮೆರಿಕದ ಗೇಜ್. ನಮ್ಮ ಬ್ರಾಡ್‌ಗೇಜೂ ಅಲ್ಲ, ಮೀಟರ್‌ಗೇಜೂ ಅಲ್ಲ. ನಮ್ಮ 1000 ಮಿ.ಮೀಯನ್ನು 87ರಿಂದ ಭಾಗಿಸಿದರೆ 11.5 ಮಿ.ಮೀ. ಇದಕ್ಕೆ ಹತ್ತಿರದ ಸಿದ್ಧ ಹಳಿ 12 ಮಿ.ಮೀ. ಸ್ವಿಟ್ಜರ್‌ಲೆಂಡಿನ ಮೀಟರ್‌ಗೇಜ್ ರೈಲುಗಳ ಮಾದರಿಗೆ ಬಳಸುವ ಹಳಿ ಇದೇ. ಎಚ್‌ಒಎಂ ಎಂದು ಕರೆಯುತ್ತಾರೆ. 12 ಗುಣಿಸು 87 ಅಂದರೆ 1044. ನಿಜಕ್ಕಿಂತ 4.4 ಶೇಕಡಾ ಜಾಸ್ತಿ. ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ದಾರಿ 1:120ರ ಟಿಟಿ ಸ್ಕೇಲ್. ಇದಕ್ಕೆ ಎನ್ ಗೇಜಿನ 9 ಮಿ.ಮೀ ಹಳಿ ಬಳಸಬಹುದು. 9 ಗುಣಿಸು 120 ಅಂದರೆ 1080, ಎಂಟು ಶೇಕಡಾ ಜಾಸ್ತಿ. ಎನ್ ಗೇಜಿನ ಮೋಟಾರು, ಗಾಲಿಗಳು ಸುಲಭವಾಗಿ ಸಿಗುತ್ತವೆ, ಜಾಗವೂ ಕಡಿಮೆ ಸಾಕು. ಆದರೂ ನಾನು 1:87ರ ಪರ. ಮೀಟರ್‌ಗೇಜಿನ ಡಬ್ಬಿ, ಕಟ್ಟಡ, ಸಿಗ್ನಲ್ ಎಲ್ಲವನ್ನೂ ಕೈಯಿಂದಲೇ ಮಾಡಿಕೊಳ್ಳಬೇಕು. ಕೈಗೂ ಕಣ್ಣಿಗೂ 1:87 ಒಗ್ಗುತ್ತದೆ. ಆ ಅಳತೆಯ ಮನುಷ್ಯರು, ಎತ್ತುಗಳು, ಲಾರಿಗಳು ಸಿದ್ಧವಾಗಿಯೂ ಸಿಗುತ್ತವೆ.

ಮೊದಲ ಎಂಜಿನ್ ಡೀಸೆಲ್ ಆಗಿರಲಿ. ವೈಡಿಎಂ-4ಗೆ ಮೂರು ಮೂರು ಅಚ್ಚಿನ ಎರಡು ಬೋಗಿಗಳು, ಅಂದರೆ ಮೈಯ ಕೆಳಗಿನ ಗಾಲಿ ಚೌಕಟ್ಟುಗಳು. ಮೈ ಉದ್ದನೆಯ ಪೆಟ್ಟಿಗೆ. 12 ಮಿ.ಮೀ ಹಳಿಯ ಮೇಲೆ ಓಡುವ ಸಿದ್ಧ ಚಾಸಿಸ್ ತಂದು ಮೇಲೆ ಪ್ಲಾಸ್ಟಿಕ್ ಹಾಳೆಯಿಂದ ಮೈ ಕಟ್ಟಬಹುದು, ಇಲ್ಲವೇ ತ್ರೀಡಿ ಪ್ರಿಂಟ್ ಮಾಡಿಸಬಹುದು. ವೈಪಿ ಎಂಜಿನ್ನಿನ ದೊಡ್ಡ ಗಾಲಿ, ಅವನ್ನು ಜೋಡಿಸುವ ದಂಡ, ಪಿಸ್ಟನ್ನಿನ ಚಲನೆ ಎಲ್ಲ ಕೂಡಿಬರಲು ಅನುಭವ ಬೇಕು. ಅದು ಎರಡನೇ ವರ್ಷದ ಕೆಲಸ. ಡಬ್ಬಿ, ವ್ಯಾಗನ್ ಮಾಡುವಾಗ ಒಂದು ನೆನಪಿರಲಿ: ಮೀಟರ್‌ಗೇಜ್ ಡಬ್ಬಿಗೆ ಬ್ರಾಡ್‌ಗೇಜಿನ ಹಾಗೆ ಎಡಕ್ಕೊಂದು ಬಲಕ್ಕೊಂದು ಬಫರ್, ಅಂದರೆ ಡಬ್ಬಿಗಳ ನಡುವಿನ ಹೊಡೆತ ತಡೆಯುವ ಭಾಗ, ಇರುವುದಿಲ್ಲ. ಬಫರ್, ಕೊಂಡಿ ಎರಡೂ ಕೂಡಿ ನಡುಮಧ್ಯದಲ್ಲಿ ಇರುತ್ತದೆ. ಮಾದರಿ ಮಾಡುವವರಿಗೆ ಇದು ದೊಡ್ಡ ಅನುಕೂಲ.

12 ಅಡಿಯಲ್ಲಿ ಏನು ಹಿಡಿಯುತ್ತದೆ

ಮೀಟರ್‌ಗೇಜ್ ಪ್ಯಾಸೆಂಜರ್ ಡಬ್ಬಿ ಸುಮಾರು 19.5 ಮೀಟರ್ ಉದ್ದ. 1:87ರಲ್ಲಿ ಸುಮಾರು 22.5 ಸೆಂ.ಮೀ. ಎಂಜಿನ್ನಿಗೆ 22 ಸೆಂ.ಮೀ, ನಾಲ್ಕು ಗಾಲಿಯ ಸಣ್ಣ ವ್ಯಾಗನ್ನಿಗೆ 8 ಸೆಂ.ಮೀ ಎಂದು ಹಿಡಿಯಿರಿ. ನಿಲ್ದಾಣದಲ್ಲಿ ಮುಖ್ಯ ಹಳಿಯಿಂದ ಒಡೆದು, ಪಕ್ಕದಲ್ಲೇ ಸಾಗಿ, ಮತ್ತೆ ಅದಕ್ಕೇ ಸೇರುವ ಹಳಿಗೆ ಲೂಪ್ ಲೈನ್ ಎನ್ನುತ್ತಾರೆ. 400 ಮೀಟರಿನ ಒಂದು ಲೂಪ್ ಲೈನನ್ನು ಅದೇ ಅಳತೆಯಲ್ಲಿ ಇಳಿಸಿದರೆ 4.6 ಮೀಟರ್ ಬೇಕು. ಅದು ಒಂದೇ ಇಡೀ ಗೋಡೆ ತಿಂದುಹಾಕುತ್ತದೆ. ಹಾಗಾಗಿ ಉದ್ದವನ್ನು ಮೊಟಕು ಮಾಡಲೇಬೇಕು. ಅಗಲ, ಎತ್ತರ ಮೊಟಕು ಮಾಡಬಾರದು. ಬಾಗಿಲು ಬಾಗಿಲಿನಷ್ಟೇ ಇರಬೇಕು, ಪ್ಲಾಟ್‌ಫಾರ್ಮ್ ಮಾತ್ರ ಎರಡು ಡಬ್ಬಿಗೆ ನಿಂತರೆ ಸಾಕು.

120 ಸೆಂ.ಮೀ ಉದ್ದ, 45 ಸೆಂ.ಮೀ ಅಗಲದ ಮೂರು ಹಲಗೆ ತೆಗೆದುಕೊಳ್ಳೋಣ. ಎರಡು ಹಲಗೆಯ ಮೇಲೆ ಲಕ್ಷ್ಮೇಶ್ವರ ನಿಲ್ದಾಣ. ಮೂರನೆಯದು ಮರೆಯ ಯಾರ್ಡ್. ಅದೇ ನಮ್ಮ ಯಲವಿಗಿ, ಹುಬ್ಬಳ್ಳಿ, ಹೊರಗಿನ ಇಡೀ ಜಗತ್ತು. ರೈಲು ಅಲ್ಲಿಂದ ಹೊರಟು ಮರಗಳ ಸಾಲೋ ರಸ್ತೆ ಸೇತುವೆಯೋ ದಾಟಿ ನಿಲ್ದಾಣಕ್ಕೆ ಬರುತ್ತದೆ, ಕೆಲಸ ಮುಗಿಸಿ ಅಲ್ಲಿಗೇ ಮರಳುತ್ತದೆ. ಮರೆಯ ಯಾರ್ಡ್‌ಗೆ ಪಾಯಿಂಟ್‌ಗಳ, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆಗಳ, ಖರ್ಚು ಬೇಡ. ಒಂದು ಹಲಗೆಗೆ ಮೂರು ಹಳಿ ಹಾಕಿ, ಕೆಳಗೆ ಮೇಜಿನ ಡ್ರಾವರಿಗೆ ಹಾಕುವ ಚಾನಲ್ ಜೋಡಿಸಿ. ಹಲಗೆ ಹಿಂದೆ ಮುಂದೆ ಜಾರುತ್ತದೆ, ಬೇಕಾದ ಹಳಿ ಮುಂದೆ ಬರುತ್ತದೆ.

ಕಾಣುವ 240 ಸೆಂ.ಮೀಯ ಲೆಕ್ಕ ಹೀಗೆ: ಯಲವಿಗಿ ಕಡೆಯಿಂದ ಒಳಬರುವ ದಾರಿ 55, ಮೊದಲ ಪಾಯಿಂಟ್ 20, ಪ್ಲಾಟ್‌ಫಾರ್ಮ್ ಹಳಿ ಮತ್ತು ಅದರ ಪಕ್ಕದ ಲೂಪ್ 100, ಎರಡನೇ ಪಾಯಿಂಟ್ 20, ಕೊನೆಯಲ್ಲಿ ಎಂಜಿನ್ ಮುಂದೆ ಹೋಗಿ ನಿಲ್ಲುವ ತುಂಡು ಹಳಿ 45. ಈ 45ನ್ನು ಬಹಳ ಜನ 25 ಮಾಡಿಬಿಡುತ್ತಾರೆ, ಎಂಜಿನ್ ನಿಂತರೆ ಆಯಿತಲ್ವಾ ಎಂದು. ಹಾಗೆ ಮಾಡಬೇಡಿ. ಯಾಕೆ ಅನ್ನುವುದು ಶಂಟಿಂಗ್, ಅಂದರೆ ವ್ಯಾಗನ್ ಎಳೆದು ತಳ್ಳಿ ಅದರ ಜಾಗಕ್ಕೆ ಸೇರಿಸುವುದನ್ನು, ನೋಡಿದರೆ ತಿಳಿಯುತ್ತದೆ.

ಒಂದು ರೈಲು ಬಂದಾಗ

ಕವಲು ಮಾರ್ಗಗಳ ನಿಜವಾದ ಸೊಗಸು ಮಿಕ್ಸ್ಡ್ ರೈಲು. ಜನರ ಡಬ್ಬಿ, ಸರಕಿನ ವ್ಯಾಗನ್ ಎರಡೂ ಒಂದೇ ರೈಲಿನಲ್ಲಿ. ನಮ್ಮ ರೈಲಿನಲ್ಲಿ ಎಂಜಿನ್, ಎರಡು ವ್ಯಾಗನ್, ಎರಡು ಡಬ್ಬಿ. ಕೊನೆಯ ಡಬ್ಬಿಯಲ್ಲಿ ಗಾರ್ಡ್.

ನಿಲ್ದಾಣದಲ್ಲಿ ಎರಡು ಸೈಡಿಂಗ್, ಅಂದರೆ ಸರಕು ತುಂಬಲು ಇಳಿಸಲು ಪಕ್ಕಕ್ಕೆ ಹೋಗಿ ಮುಗಿಯುವ ಹಳಿ. ಒಂದು ಗೂಡ್ಸ್ ಶೆಡ್ಡಿನದು. ಅದರ ಪಾಯಿಂಟ್ ಯಲವಿಗಿ ಕಡೆ ತೆರೆದುಕೊಳ್ಳುತ್ತದೆ. ಇನ್ನೊಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯದು. ಅದು ಲೂಪಿನಿಂದ ಒಡೆಯುತ್ತದೆ, ಅದರ ಪಾಯಿಂಟ್ ಕೊನೆಯ ತುಂಡು ಹಳಿಯ ಕಡೆ ತೆರೆದುಕೊಳ್ಳುತ್ತದೆ. ಅಂದರೆ ಎರಡೂ ಸೈಡಿಂಗ್‌ಗಳ ಬಾಯಿ ಎದುರುಬದುರು ದಿಕ್ಕಿಗೆ. ಆಟದ ಜೀವ ಇರುವುದೇ ಇಲ್ಲಿ. ಎಂಜಿನ್ ವ್ಯಾಗನ್ನನ್ನು ಸೈಡಿಂಗಿಗೆ ತಳ್ಳಬೇಕಾದರೆ ಬಾಯಿ ಇರುವ ಕಡೆಯೇ ಎಂಜಿನ್ ಇರಬೇಕು. ಇಲ್ಲದಿದ್ದರೆ ಎಂಜಿನ್ ಒಳಗೆ ಹೋಗಿ ವ್ಯಾಗನ್ನಿನ ಹಿಂದೆ ಸಿಕ್ಕಿಬೀಳುತ್ತದೆ.

ರೈಲು ಪ್ಲಾಟ್‌ಫಾರ್ಮಿಗೆ ಬಂತು. ಎಂಜಿನ್ ತುಂಡು ಹಳಿಯ ಕಡೆ ಇದೆ. ಅದರ ಹಿಂದೆ ಗೂಡ್ಸ್ ಶೆಡ್ಡಿನ ವ್ಯಾಗನ್, ಅದರ ಹಿಂದೆ ಫ್ಯಾಕ್ಟರಿಯ ವ್ಯಾಗನ್, ಆಮೇಲೆ ಡಬ್ಬಿಗಳು. ಜನ ಇಳಿದರು. ಎರಡನೇ ವ್ಯಾಗನ್ನಿಗೂ ಡಬ್ಬಿಗೂ ನಡುವಿನ ಕೊಂಡಿ ಬಿಚ್ಚಿ. ಎಂಜಿನ್ ಎರಡೂ ವ್ಯಾಗನ್ ಎಳೆದುಕೊಂಡು ಪಾಯಿಂಟ್ ದಾಟಿ ತುಂಡು ಹಳಿಗೆ ಹೋಗುತ್ತದೆ. 22, 8, 8, ಒಟ್ಟು 38 ಸೆಂ.ಮೀ. ಕೊಂಡಿಗಳಿಗೆ ಒಂದಿಷ್ಟು. 45 ಬೇಕು ಎಂದದ್ದು ಇದಕ್ಕೇ.

ಪಾಯಿಂಟ್ ಲೂಪಿಗೆ ತಿರುಗಿಸಿ, ಹಿಂದಕ್ಕೆ ತಳ್ಳಿ. ಮೊದಲು ಹೋಗುವುದು ಫ್ಯಾಕ್ಟರಿಯ ವ್ಯಾಗನ್. ಅದು ನೇರ ಜಿನ್ನಿಂಗ್ ಸೈಡಿಂಗಿಗೆ ಸೇರುತ್ತದೆ. ಬಿಟ್ಟುಬನ್ನಿ. ಉಳಿದ ಒಂದು ವ್ಯಾಗನ್ನನ್ನು ಮತ್ತೆ ಪ್ಲಾಟ್‌ಫಾರ್ಮ್ ಹಳಿಗೆ ತಳ್ಳಿ ಡಬ್ಬಿಗಳಿಗೆ ಜೋಡಿಸಿ. ಈಗ ಲೂಪ್ ಖಾಲಿ. ಎಂಜಿನ್ ಒಂಟಿಯಾಗಿ ಲೂಪಿನಲ್ಲಿ ಓಡಿ ಯಲವಿಗಿ ಕಡೆಯ ತುದಿಗೆ ಬಂದು ಡಬ್ಬಿಗಳನ್ನು ಹಿಡಿಯುತ್ತದೆ. ಇಡೀ ಸಾಲನ್ನು ಹೊರಗೆ ಎಳೆದು, ಗೂಡ್ಸ್ ಶೆಡ್ಡಿನ ಪಾಯಿಂಟ್ ತಿರುಗಿಸಿ, ಮೆಲ್ಲಗೆ ತಳ್ಳುತ್ತದೆ. ತುದಿಯ ವ್ಯಾಗನ್ ಶೆಡ್ಡಿಗೆ ಸೇರಿತು. ಡಬ್ಬಿಗಳು ಪ್ಲಾಟ್‌ಫಾರ್ಮಿಗೆ ವಾಪಸ್. ಹೊರಡಲು ಸಿದ್ಧ.

ಈಗ ಆ ಎರಡು ವ್ಯಾಗನ್ ಅದಲುಬದಲಾಗಿ ಬಂದಿವೆ ಎಂದುಕೊಳ್ಳಿ. ಶೆಡ್ಡಿನ ವ್ಯಾಗನ್ನನ್ನು ಡಬ್ಬಿಗಳ ಜೊತೆಗೇ ಬಿಟ್ಟು, ಫ್ಯಾಕ್ಟರಿಯದನ್ನು ಮಾತ್ರ ಎಳೆದುಕೊಂಡು ಹೋಗಿ ಸೈಡಿಂಗಿಗೆ ತಳ್ಳಿದರೆ ಆಯಿತು. ಓಡಾಟ ಕಡಿಮೆ. ಅಂದರೆ ಲಕ್ಷ್ಮೇಶ್ವರದ ಪಾಯಿಂಟ್‌ಗಳು ಯಲವಿಗಿಯಲ್ಲಿ ರೈಲು ಕಟ್ಟುವ ಕ್ರಮವನ್ನೇ ತೀರ್ಮಾನಿಸುತ್ತವೆ. ನಿಜವಾದ ರೈಲ್ವೆಯವರೂ ಇದೇ ಲೆಕ್ಕ ಹಾಕುತ್ತಿದ್ದರು. ವೃತ್ತಾಕಾರದ ಹಳಿಯ ಮೇಲೆ ಎಷ್ಟು ಸುತ್ತು ಹೊಡೆಸಿದರೂ ಈ ತಿಳಿವಳಿಕೆ ಸಿಗುವುದಿಲ್ಲ.

ವೇಗದ ಬಗ್ಗೆ ಒಂದು ಮಾತು. ಗಂಟೆಗೆ 30 ಕಿ.ಮೀ ವೇಗದ ರೈಲು 1:87ರಲ್ಲಿ ಸೆಕೆಂಡಿಗೆ ಸುಮಾರು 10 ಸೆಂ.ಮೀ ಸಾಗಬೇಕು. ಒಂದು ಮೀಟರಿಗೆ ಹತ್ತು ಸೆಕೆಂಡ್. ಶಂಟಿಂಗ್ ಇನ್ನೂ ನಿಧಾನ. ಮೋಟಾರು ಇಷ್ಟು ನಿಧಾನವಾಗಿ, ಕುಕ್ಕದೆ ಓಡುತ್ತದೋ ಇಲ್ಲವೋ ಎಂದು ನೋಡಿಯೇ ಚಾಸಿಸ್ ಕೊಳ್ಳಿ.

ಟೋಕನ್ ಮತ್ತು ಸಿಗ್ನಲ್

ಒಂಟಿ ಹಳಿಯ ಮೇಲೆ ಎರಡು ರೈಲು ಎದುರುಬದುರು ಬರಬಾರದು. ಹುಬ್ಬಳ್ಳಿ ಸುತ್ತಿನಂಥ ಒಂಟಿ ಮಾರ್ಗಗಳಲ್ಲಿ ಇದಕ್ಕಾಗಿ ನೀಲ್ಸ್ ಬಾಲ್ ಟೋಕನ್ ಯಂತ್ರ ಇರುತ್ತಿತ್ತು. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಜೋಡಿ ಯಂತ್ರ. ಒಳಗೆ ಉಕ್ಕಿನ ಗುಂಡುಗಳು. ಎರಡೂ ಕಡೆಯ ಸ್ಟೇಷನ್ ಮಾಸ್ಟರ್ ಒಪ್ಪಿದರೆ ಮಾತ್ರ ಒಂದು ಗುಂಡು ಹೊರಬರುತ್ತದೆ. ಅದು ಮತ್ತೆ ಯಾವುದಾದರೂ ಒಂದು ಯಂತ್ರದೊಳಗೆ ಸೇರುವ ತನಕ ಇನ್ನೊಂದು ಗುಂಡು ಬರುವುದಿಲ್ಲ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಆ ಗುಂಡು ಇಟ್ಟು ಡ್ರೈವರಿಗೆ ಕೊಡುತ್ತಿದ್ದರು. ಓಡುವ ರೈಲಿನಿಂದ ಕೈ ಚಾಚಿ ಬಳೆ ಹಿಡಿಯುವುದನ್ನು ನೋಡಿದವರು ನಮ್ಮಲ್ಲಿ ಇನ್ನೂ ಬಹಳ ಜನ ಇದ್ದಾರೆ.

ಕೊನೆಯಲ್ಲಿ ಮುಗಿಯುವ ಚಿಕ್ಕ ಕವಲಿಗೆ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ 'ಒಂದೇ ರೈಲು' ಪದ್ಧತಿ ಸಾಕು. ಒಂದು ರೈಲು ಒಳಗೆ ಹೋದರೆ, ಅದು ಮರಳಿ ಬರುವ ತನಕ ಇನ್ನೊಂದಕ್ಕೆ ಪ್ರವೇಶ ಇಲ್ಲ. ಲೇಔಟಿನಲ್ಲಿ ಇದಕ್ಕೊಂದು ಮರದ ಕೋಲು ಮಾಡಿಕೊಳ್ಳಿ. ಮನೆಗೆ ಒಂದೇ ಕೀಲಿ ಇದ್ದ ಹಾಗೆ. ಕೋಲು ಯಾರ ಕೈಯಲ್ಲಿದೆಯೋ ಅವರೇ ರೈಲು ಓಡಿಸಬೇಕು. ಇಬ್ಬರು ಮಕ್ಕಳು ಆಡಲು ಕೂತರೆ ಈ ಕೋಲಿನ ಬೆಲೆ ತಿಳಿಯುತ್ತದೆ.

ಸಿಗ್ನಲ್ ಎಂದರೆ ಕಂಬದ ಮೇಲಿನ ಕೈ. ಕೆಂಪು ಕೈ, ಮೇಲೆ ಬಿಳಿ ಪಟ್ಟಿ. ಅಡ್ಡ ಇದ್ದರೆ ನಿಲ್ಲು, ಕೆಳಗೆ ಬಾಗಿದ್ದರೆ ಹೋಗು. ನಮ್ಮ ನಿಲ್ದಾಣಕ್ಕೆ ಒಳಬರುವ ದಾರಿಯಲ್ಲಿ ಒಂದು ಹೋಮ್ ಸಿಗ್ನಲ್ ಸಾಕು. ಅದಕ್ಕೂ ಹೊರಗಿನ ಔಟರ್ ಸಿಗ್ನಲ್ ಮರೆಯಲ್ಲೇ ಉಳಿಯಲಿ.

ವಿದ್ಯುತ್ತು, ಹಲಗೆ

ಎರಡು ಹಳಿಗೆ 12 ವೋಲ್ಟಿನ ಡಿಸಿ ಕೊಡುತ್ತೇವೆ. ಒಂದು ಹಳಿಯಿಂದ ಗಾಲಿ, ಮೋಟಾರು, ಇನ್ನೊಂದು ಗಾಲಿ, ಇನ್ನೊಂದು ಹಳಿ. ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಎಂಜಿನ್ ಹಿಂದಕ್ಕೆ ಓಡುತ್ತದೆ. ವೋಲ್ಟ್ ಇಳಿಸಿದರೆ ನಿಧಾನ. ಒಂದು ಎಂಜಿನ್ನಿನ ಕವಲಿಗೆ ಇದೇ ಸಾಕು. ಪ್ರತಿ ಎಂಜಿನ್ನಿಗೂ ಬೇರೆ ನಂಬರು ಕೊಟ್ಟು ಓಡಿಸುವ ಡಿಸಿಸಿ ಚೆನ್ನಾಗಿದೆ, ಆದರೆ ಇಲ್ಲಿ ಅದರ ಖರ್ಚಿಗೆ ತಕ್ಕ ಕೆಲಸ ಇಲ್ಲ.

ಹಳಿಯ ಜೋಡಣೆಯ ತಗಡಿನ ಮೇಲೆ ನಂಬಿಕೆ ಇಡಬೇಡಿ. ದಿನ ಕಳೆದಂತೆ ಅದು ಸಡಿಲವಾಗುತ್ತದೆ, ಒಳಗೆ ಧೂಳು ಕೂರುತ್ತದೆ, ಕರೆಂಟು ನಿಲ್ಲುತ್ತದೆ. ಪ್ರತಿ ಹಳಿ ತುಂಡಿಗೂ ಒಂದೊಂದು ತಂತಿ ಬೆಸೆದು ಹಲಗೆಯ ಕೆಳಗಿನ ದಪ್ಪ ತಂತಿಗೆ ಸೇರಿಸಿ. ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗಿಯಿತು.

ಹಲಗೆಗೆ 12 ಮಿ.ಮೀ ವಾಟರ್‌ಪ್ರೂಫ್ ಪ್ಲೈವುಡ್, ಕೆಳಗೆ ಮರದ ಚೌಕಟ್ಟು. ಎಲ್ಲ ಮೈಗೂ, ಅಡಿಗೂ ಅಂಚಿಗೂ ಬಣ್ಣ ಹೊಡೆಯಿರಿ. ಧಾರವಾಡದ ಮಳೆಗಾಲದಲ್ಲಿ ಮರ ತೇವ ಕುಡಿದು ಹಿಗ್ಗುತ್ತದೆ, ಏಪ್ರಿಲ್‌ನಲ್ಲಿ ಕುಗ್ಗುತ್ತದೆ. ಬಿಸಿಲಿಗೆ ಹಳಿಯೂ ಬೆಳೆಯುತ್ತದೆ: ಎರಡೂವರೆ ಮೀಟರ್ ಹಳಿಗೆ 20 ಡಿಗ್ರಿ ಏರಿದರೆ ಸುಮಾರು ಮುಕ್ಕಾಲು ಮಿ.ಮೀ. ಜೋಡಣೆಗಳಲ್ಲಿ ಕೂದಲೆಳೆಯಷ್ಟು ಸಂದು ಬಿಡಿ.

ಎರೆಮಣ್ಣು

ಲಕ್ಷ್ಮೇಶ್ವರದ ಸುತ್ತಿನ ಹೊಲ ಎಂದರೆ ಎರೆ. ಬೇರೆ ದೇಶದಿಂದ ತರಿಸುವ ಹಸಿರು ಹುಲ್ಲಿನ ಪುಡಿ ಇಲ್ಲಿ ಹಾಕಿದರೆ ಎಲ್ಲ ಕೆಟ್ಟಿತು. ನಿಜವಾದ ಎರೆಮಣ್ಣನ್ನೇ ತನ್ನಿ. ಚೆನ್ನಾಗಿ ಒಣಗಿಸಿ, ಕುಟ್ಟಿ, ತೆಳುವಾದ ಬಟ್ಟೆಯಲ್ಲಿ ಸೋಸಿ. ಆಮೇಲೆ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪುಡಿಯ ಮೇಲೆ ಆಡಿಸಿ. ಕಬ್ಬಿಣದ ಅಂಶದ ಕಣ ಇದ್ದರೆ ಚೀಲಕ್ಕೆ ಅಂಟುತ್ತವೆ. ಅವನ್ನು ತೆಗೆಯದಿದ್ದರೆ ಎಂಜಿನ್ನಿನ ಮೋಟಾರು ಅವನ್ನು ಎಳೆದುಕೊಂಡು ಹಾಳಾಗುತ್ತದೆ.

ಫೆವಿಕಾಲ್ ಒಂದು ಪಾಲು, ನೀರು ಎರಡು ಪಾಲು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಈ ನೀರನ್ನು ಹಲಗೆಗೆ ಬಳಿದು ಮೇಲೆ ಮಣ್ಣು ಉದುರಿಸಿ. ಎರೆಮಣ್ಣಿನ ಗುಣ ಗೊತ್ತಲ್ಲ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಲಗೆಯ ಮೇಲೂ ಅದೇ. ತೆಳುವಾಗಿ ಹಾಕಿದರೆ ಸಣ್ಣ ಸಣ್ಣ ಬಿರುಕು, ದಪ್ಪಗೆ ಹಾಕಿದರೆ ಅಗಲ ಬಿರುಕು. ಹೊಲದಲ್ಲಿ 5–8 ಸೆಂ.ಮೀ ಬಿರುಕು ಇದ್ದರೆ 1:87ರಲ್ಲಿ ಅದು ಒಂದು ಮಿ.ಮೀಯೂ ಇಲ್ಲ. ಒಂದು ಹಾಳು ಪ್ಲೈ ತುಂಡಿನ ಮೇಲೆ ಬೇರೆ ಬೇರೆ ದಪ್ಪಕ್ಕೆ ಹಾಕಿ ನೋಡಿ. ಅಂಟು ಒಣಗಿದ ಮೇಲೆ ಬಣ್ಣ ಸ್ವಲ್ಪ ಕಪ್ಪೇರಿರುತ್ತದೆ. ಅದೇ ಒಣ ಪುಡಿಯನ್ನು ಬೆರಳಲ್ಲಿ ಮೆಲ್ಲಗೆ ಉಜ್ಜಿದರೆ ಬಿಸಿಲಿನ ಬೂದು ಬಣ್ಣ ಬರುತ್ತದೆ. ಫೆಬ್ರುವರಿಯ ಹೊಲದ ಬಣ್ಣ ಅದೇ.

ಜೋಳದ ಕೂಳೆಗೆ ತೆಂಗಿನ ನಾರು ಕತ್ತರಿಸಿ ಸಾಲಾಗಿ ನೆಡಿ, ಒಂದೆರಡು ಮಿ.ಮೀ ಎತ್ತರ ಸಾಕು. ಪಕ್ಕದಲ್ಲಿ ಕಣಿಕೆ ಬಣವಿ. ಕೊಯ್ಯದೆ ಉಳಿದ ಜೋಳ ಇದ್ದರೆ 23 ಮಿ.ಮೀ, ಅಂದರೆ ಮನುಷ್ಯನಿಗಿಂತ ಎತ್ತರ. ಹತ್ತಿ ಗಿಡ 11–12 ಮಿ.ಮೀ, ಕಂದು ಹಸಿರು ಸ್ಪಂಜಿನ ಚೂರು, ಮೇಲೆ ಬಿಳಿ ಬಣ್ಣದ ಚುಕ್ಕಿ. ಮರಗಳಲ್ಲಿ ಕರಿಜಾಲಿ, ಬೇವು, ನಿಲ್ದಾಣದ ಅಂಗಳಕ್ಕೊಂದು ಹುಣಸೆ. ಒಣಗಿದ ತುಳಸಿ ಕಡ್ಡಿಯ ಕವಲು ಜಾಲಿಗೆ ಚೆನ್ನಾಗಿ ಒಪ್ಪುತ್ತದೆ. ತೆಂಗು ಎಲ್ಲೆಂದರಲ್ಲಿ ನೆಡಬೇಡಿ.

ಹಳಿಯ ಕೆಳಗಿನ ಖಡಿಗೆ ಸಣ್ಣ ಮರಳು ಸೋಸಿ ಬಳಸಿ. 5–6 ಸೆಂ.ಮೀ ಕಲ್ಲು ಇಲ್ಲಿ ಮುಕ್ಕಾಲು ಮಿ.ಮೀ ಮೀರಬಾರದು. ಕವಲು ಮಾರ್ಗದಲ್ಲಿ ಖಡಿ ಕಡಿಮೆ, ಧೂಳು ಜಾಸ್ತಿ. ಜಿನ್ನಿಂಗ್ ಸೈಡಿಂಗಿನಲ್ಲಿ ಸ್ಲೀಪರ್ ಅರ್ಧ ಮುಚ್ಚಿದ್ದರೂ ಸರಿ, ನಡುನಡುವೆ ಅಂಟಿದ ಅರಳೆ ಚೂರು ಇರಲಿ.

ಮನೆಗಳು ಮಣ್ಣಿನ ಮಾಳಿಗೆಯವು. ಹಂಚಿನ ಇಳಿಜಾರು ಮಾಡು ನಿಲ್ದಾಣಕ್ಕೆ, ಗೂಡ್ಸ್ ಶೆಡ್ಡಿಗೆ ಮಾತ್ರ ಹಾಕಿದರೆ ಅದು ರೈಲ್ವೆಯವರ ಕಟ್ಟಡ ಎಂದು ದೂರದಿಂದಲೇ ತಿಳಿಯುತ್ತದೆ. ಹಳದಿ ಫಲಕದ ಮೇಲೆ ಕಪ್ಪಕ್ಷರ, ಕನ್ನಡ, ಹಿಂದಿ, ಇಂಗ್ಲಿಷ್. ಹಳೆಯ ಸಾಮಾನು ಕಣ್ಣಾರೆ ನೋಡಲು ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲು ಮ್ಯೂಸಿಯಂ ಇದೆ. ಅಳತೆ ಪಟ್ಟಿ, ನೋಟ್‌ಬುಕ್ ಹಿಡಿದೇ ಹೋಗಿ.

ಆದರೆ ಮಣ್ಣು, ಮರ, ಮನೆ ಎಲ್ಲಕ್ಕೂ ಮೊದಲು, ಬರೀ ಪ್ಲೈವುಡ್ಡಿನ ಮೇಲೆ ಒಂದು ತಿಂಗಳು ರೈಲು ಓಡಿಸಿ. ಫ್ಯಾಕ್ಟರಿ ಜಾಗದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟರೆ ಸಾಕು. ಪ್ರತಿ ವ್ಯಾಗನ್ನಿಗೆ ಒಂದು ಚೀಟಿ ಬರೆಯಿರಿ: ಖಾಲಿ ಬಂದದ್ದು ಯಾವ ಸೈಡಿಂಗಿಗೆ, ತುಂಬಿ ಹೊರಟದ್ದು ಎಲ್ಲಿಗೆ. ಹುಬ್ಬಳ್ಳಿಗೆ ಹತ್ತಿ ಅಂಡಿಗೆ, ಗೂಡ್ಸ್ ಶೆಡ್ಡಿಗೆ ಸಿಮೆಂಟು, ಗೊಬ್ಬರ, ಸೀಮೆಎಣ್ಣೆ ಡಬ್ಬ. ಫೆಬ್ರುವರಿಯ ಚೀಟಿಗಳಲ್ಲಿ ಫ್ಯಾಕ್ಟರಿಯ ಪಾಲು ಜಾಸ್ತಿ ಇರಲಿ. ಯಾವ ಪಾಯಿಂಟನ್ನು ಇಡೀ ತಿಂಗಳು ಒಮ್ಮೆಯೂ ತಿರುಗಿಸಲಿಲ್ಲವೋ ಅದನ್ನು ಕಿತ್ತು ಪಕ್ಕಕ್ಕಿಡಿ. ಆಮೇಲೆ ಮಣ್ಣು ಸೋಸಲು ಕೂತುಕೊಳ್ಳಿ.